ಚಪ್ಪಲಿ ಜಾರಿತು

ನಮ್ಮ ಅಜ್ಜಿಯ ಕೈ ನಡುಗುತ್ತಿತ್ತಂತೆ. ಅಮ್ಮನ ಕೈ ನಡುಗಿದ್ದನ್ನು ನಾನೇ ಕಂಡಿದ್ದೇನೆ. ಈಗ ನನ್ನ ಸರದಿ. ಬೇರೆ ಮನೆಗಳಲ್ಲಿ ತಾಯಿಯಿಂದ ಮಗಳಿಗೆ ಬಳೆಯೋ ಬೀರುವೋ ಬರುತ್ತದೆ, ನಮ್ಮ ಮನೆಯಲ್ಲಿ ಇದು ಬಂತು. ಬಂದರೆ ಬರಲಿ, ನಾನೇನು ತಲೆಯ ಮೇಲೆ ಕೈ ಹೊತ್ತು ಕೂತವಳಲ್ಲ. ಅರ್ಧ ಆಯುಸ್ಸು ಹೊಲಿಗೆ ಅಂಗಡಿ ನಡೆಸಿದವಳು. ಅಂಗಿಯ ಗುಂಡಿ ತೂರಿಸುವ ಕಾಜವನ್ನು ಕೈಯಲ್ಲೇ ಹೊಲಿಯುತ್ತಿದ್ದೆ. ಬಟ್ಟೆ ಹರಿದು ಚಿಂದಿಯಾದರೂ ನನ್ನ ಕಾಜ ಸಡಿಲವಾಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಮಾರನೆಯ ದಿನವೂ ಆಗಲಿಲ್ಲ. ಎಲ್ಲ ಕನ್ನಡಕದ್ದೇ ತಪ್ಪು ಎಂದು ಕನ್ನಡಕದ ಅಂಗಡಿಗೆ ಹೋಗಿ ಬಾಯಿ ಮಾಡಿ ಬಂದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ನನಗಿರುವವನು ಒಬ್ಬನೇ ತಮ್ಮ. ಚಿಕ್ಕಂದಿನಲ್ಲಿ ಎಲುಬು ಎಣಿಸುವಷ್ಟು ಸಣಕಲಾಗಿದ್ದ, ಅದಕ್ಕೇ ಗುಬ್ಬಿ ಎಂದು ಹೆಸರು ಬಿತ್ತು. ಈಗ ಊಟಕ್ಕೆ ಕೂತರೆ ಅವನಿಗಿಂತ ಮೊದಲು ಹೊಟ್ಟೆ ಬಂದು ಕೂರುತ್ತದೆ, ಹೆಸರು ಮಾತ್ರ ಹಾಗೇ ಉಳಿದಿದೆ. ಕ್ಷೌರದ ಅಂಗಡಿ ಇಟ್ಟಿದ್ದಾನೆ. ಎಲ್ಲರೂ ಬಿಸಾಡುವ ಬ್ಲೇಡಿಗೆ ಬಂದರೂ ಇವನು ಇನ್ನೂ ಮಡಚುವ ಕತ್ತಿಯಲ್ಲೇ ಗಡ್ಡ ಹೆರೆಯುತ್ತಾನೆ. ಆ ಕತ್ತಿಗಾಗಿಯೇ ದೂರದಿಂದ ಜನ ಬರುತ್ತಾರೆ. ಒಳ್ಳೆಯವನು, ಸ್ವಲ್ಪ ಮಂಕು. ಏನನ್ನಾದರೂ ಮುಚ್ಚಿಟ್ಟರೆ ಅವನ ಕಿವಿ ಎರಡೂ ಕೆಂಪಗಾಗುತ್ತವೆ, ಅದು ಅವನಿಗೇ ಗೊತ್ತಿಲ್ಲ.

ಶಾಲೆಗೆ ಹೋಗುವಾಗಿನ ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಸಂಜೆ ಶಾಲೆಯ ಗೇಟಿನಿಂದ ನಮ್ಮ ಬೀದಿಯ ನಲ್ಲಿಯವರೆಗೆ ನಮ್ಮಿಬ್ಬರಿಗೂ ಓಟದ ಪಂದ್ಯ. ನಾನು ಅವನಿಗಿಂತ ಎಷ್ಟೋ ದೊಡ್ಡವಳು, ಉದ್ದ ಕಾಲಿನವಳು. ಗೆಲ್ಲುವುದು ನನಗೆ ಯಾವ ಲೆಕ್ಕ? ಆದರೆ ಸೋತರೆ ಈ ಮಹಾರಾಯ ರಸ್ತೆಯಲ್ಲೇ ಬಿದ್ದು ಹೊರಳಾಡಿ ಅಳುತ್ತಿದ್ದ. ಎತ್ತಿಕೊಂಡು ಮನೆಗೆ ಹೋಗುವ ಕರ್ಮ ನನ್ನದೇ. ಅದಕ್ಕೆ ನಲ್ಲಿ ಹತ್ತಿರ ಬಂದ ಕೂಡಲೇ "ಅಯ್ಯೋ, ಚಪ್ಪಲಿ ಜಾರಿತು!" ಎಂದು ಕೂತುಬಿಡುತ್ತಿದ್ದೆ. ಅವನು ಓಡಿ ಹೋಗಿ ನಲ್ಲಿ ಮುಟ್ಟಿ ಕುಣಿಯುತ್ತಿದ್ದ. ಅವನಿಗೆ ಒಂದು ದಿನವೂ ಅನುಮಾನ ಬರಲಿಲ್ಲ.

ನನ್ನ ಕೈ ನೋಡುತ್ತಿದ್ದ ಆಸ್ಪತ್ರೆಯಲ್ಲೇ ಹಿಂಭಾಗಕ್ಕೆ ಒಂದು ಹಳದಿ ಕಟ್ಟಡವಿದೆ. ಅಲ್ಲಿ ಈ ನಡುಕದ ಕಾಯಿಲೆಯ ಬಗ್ಗೆ ಸಂಶೋಧನೆ ನಡೆಯುತ್ತಿತ್ತು. ಒಂದೇ ತಾಯಿಯ ಮಕ್ಕಳಿಬ್ಬರು ಬೇಕು, ಒಬ್ಬರಿಗೆ ಕಾಯಿಲೆ ಇರಬೇಕು, ಇನ್ನೊಬ್ಬರಿಗೆ ಇರಬಾರದು. ಇಬ್ಬರನ್ನೂ ತಿಂಗಳಿಗೊಮ್ಮೆ ಕೂರಿಸಿ ಕೈ ನೋಡುತ್ತಾರೆ. ಅಲ್ಲಿನ ಡಾಕ್ಟ್ರಮ್ಮ ಸಣ್ಣ ವಯಸ್ಸಿನವಳು, ಗಂಡುಮಕ್ಕಳ ಬೂಟು ಹಾಕಿಕೊಂಡು ದಬದಬ ನಡೆಯುತ್ತಾಳೆ, ಮಾತು ಮಾತ್ರ ನೇರ.

"ಅಮ್ಮಾ, ಮೊದ್ಲೇ ಹೇಳ್ತೀನಿ, ಇದ್ರಿಂದ ನಿಮ್ಗೆ ಗುಣ ಆಗಲ್ಲ" ಎಂದಳು. "ನಾವು ಔಷಧಿ ಕೊಡೋದಿಲ್ಲ, ನೋಡ್ತೀವಿ ಅಷ್ಟೇ. ಕಾಯಿಲೆ ಕಾಣಿಸಿಕೊಳ್ಳೋಕೆ ಮುಂಚೆ ಕೈಯಲ್ಲಿ ಏನು ಬದಲಾಗುತ್ತೆ ಅಂತ ಗೊತ್ತಾದ್ರೆ, ನಿಮ್ಮ ಹಿಂದೆ ಬರೋರಿಗೆ ಉಪಯೋಗ ಆಗುತ್ತೆ. ಇಷ್ಟ ಇಲ್ದೇ ಇದ್ರೆ ಬೇಡ. ಸೇರಿದ ಮೇಲೂ ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು. ಯಾಕೆ ಅಂತ ನಾವು ಕೇಳಲ್ಲ."

ನನ್ನ ಹಿಂದೆ ಬರುವವರು. ಆ ಮಾತು ಕೇಳಿದ್ದೇ ನನ್ನ ಕಣ್ಣ ಮುಂದೆ ಬಂದದ್ದು ಗುಬ್ಬಿ, ಅವನ ಕೈಯಲ್ಲಿನ ಕತ್ತಿ. ಹೊಲಿಯುವವಳ ಕೈ ನಡುಗಿದರೆ ಅಂಗಿ ಕೆಡುತ್ತದೆ. ಕ್ಷೌರದವನ ಕೈ ನಡುಗಿದರೆ? ಅವನ ಹಿಂದೆ ಅವನ ಮಗಳಿದ್ದಾಳೆ, "ಅತ್ತೆ ಅತ್ತೆ" ಎಂದು ನನ್ನ ಸೆರಗು ಹಿಡಿದೇ ಬೆಳೆದವಳು. ಅವಳ ಬೆರಳು ಥೇಟ್ ನಮ್ಮ ಅಮ್ಮನದು. ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ನನ್ನ ಕೈಯಂತೂ ಹೋಯಿತು, ಹೋದ ಕೈಯಿಂದ ಅವರಿಬ್ಬರಿಗೆ ಏನಾದರೂ ಆಗುವುದಿದ್ದರೆ ಆಗಲಿ ಎಂದುಕೊಂಡೆ.

ಗುಬ್ಬಿಗೆ ಇದನ್ನೆಲ್ಲ ಹೇಳಲಿಲ್ಲ. ಹೇಳಿದ್ದರೆ ಅವನು ರಾತ್ರಿಯೆಲ್ಲ ಕೂತು ತನ್ನ ಕೈ ನೋಡಿಕೊಳ್ಳುತ್ತಿದ್ದ. "ಒಬ್ಳೇ ಹೋಗೋಕೆ ಬೇಜಾರು ಕಣೋ, ನೀನೂ ಬಾ. ಜೊತೆಗೆ ಒಬ್ಬರು ಬೇಕಂತೆ" ಎಂದೆ.

"ಸೂಜಿ ಚುಚ್ತಾರಾ?" ಎಂದು ಕೇಳಿದ. ದಿನವೆಲ್ಲ ಕತ್ತಿ ಹಿಡಿಯುವ ಗಂಡಸು!

"ಚುಚ್ಚಲ್ಲ, ಬಾರೋ."

ಡಾಕ್ಟ್ರಮ್ಮ ಅವನಿಗೂ ಎಲ್ಲವನ್ನೂ ವಿವರಿಸಿದಳು. ಅವನು ತಲೆಯಾಡಿಸುತ್ತಲೇ ಇದ್ದ. ಸೂಜಿ ಇಲ್ಲ, ಬೇಡವೆಂದರೆ ಬಿಡಬಹುದು ಎಂಬುದರ ಆಚೆಗೆ ಅವನ ಕಿವಿಗೆ ಏನೂ ಬಿದ್ದಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಆ ಕೋಣೆಗೆ ಒಂದೇ ಕಿಟಕಿ. ಉದ್ದದ ಮೇಜು, ಮೇಜಿನ ಒಂದೇ ಬದಿಗೆ ಅಂಟಿದಂತೆ ಎರಡು ಕುರ್ಚಿ. ಒಂದೇ ಹೊತ್ತು, ಒಂದೇ ಬೆಳಕು ಇರಲಿ ಎಂದು ಅಲ್ಲಿ ಜೋಡಿಯನ್ನು ಅಕ್ಕಪಕ್ಕ ಕೂರಿಸಿ ಒಬ್ಬರಾದ ಮೇಲೆ ಒಬ್ಬರಿಗೆ ಪರೀಕ್ಷೆ ಮಾಡುತ್ತಿದ್ದರು. ಮಣಿಕಟ್ಟಿಗೆ ಗಡಿಯಾರದಂಥ ಪಟ್ಟಿ ಕಟ್ಟುತ್ತಾರೆ, ಕೈ ಎಷ್ಟು ನಡುಗಿತು ಎಂದು ಅದು ಅಳೆಯುತ್ತದೆ. ಕಾಗದದ ಮೇಲೆ ಸುರುಳಿ ಬರೆಸುತ್ತಾರೆ. ಆಮೇಲೆ ತೂತಿನ ಹಲಗೆ. ಬಟ್ಟಲಲ್ಲಿ ಬೆಂಕಿಕಡ್ಡಿಗಿಂತ ಗಿಡ್ಡನೆಯ ಕಬ್ಬಿಣದ ಕಡ್ಡಿಗಳು. ಒಂದೊಂದೇ ತೆಗೆದು ಒಂದೊಂದು ತೂತಿಗೆ ಇಳಿಸಬೇಕು. ನೋಡುವುದಕ್ಕೆ ಮಕ್ಕಳ ಆಟ. ನನ್ನ ಜೀವ ಹಿಂಡಿದ್ದು ಅದೇ.

ಮೊದಲು ನಾನು. ಕಡ್ಡಿ ತೂತಿನ ಬಾಯಿಯವರೆಗೆ ಬರುತ್ತದೆ, ಅಲ್ಲಿ ನಿಂತು ಟಕಟಕ ಎಂದು ಬಡಿದುಕೊಳ್ಳುತ್ತದೆ, ಬೀಳುತ್ತದೆ. ಎತ್ತಿಕೊಂಡರೆ ಮತ್ತೆ ಬೀಳುತ್ತದೆ. ನಾನು ಆ ಕಡ್ಡಿಗಳಿಗೆ ಬೈದ ಬೈಗಳನ್ನು ಇಲ್ಲಿ ಬರೆಯುವುದಕ್ಕಾಗುವುದಿಲ್ಲ. ಡಾಕ್ಟ್ರಮ್ಮ ತುಟಿ ಕಚ್ಚಿ ನಗು ತಡೆದುಕೊಂಡಳು. ಅಂತೂ ಕೊಟ್ಟ ಹೊತ್ತು ಮುಗಿಯುವಷ್ಟರಲ್ಲಿ ಅರ್ಧ ಹಲಗೆಯೂ ತುಂಬಿರಲಿಲ್ಲ.

ಆಮೇಲೆ ಗುಬ್ಬಿ. ಅಬ್ಬಬ್ಬಾ, ಏನು ಕೈ ಅವನದು! ಬಟ್ಟಲಿನಿಂದ ಹಲಗೆಗೆ, ಹಲಗೆಯಿಂದ ಬಟ್ಟಲಿಗೆ, ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಸಾಲು ತುಂಬಿತು, ಇನ್ನೊಂದು ತುಂಬಿತು. ಒಂದು ಕಡ್ಡಿಯೂ ಬೀಳಲಿಲ್ಲ. ನಾನು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದೆ. ಇವನನ್ನು ಮುಟ್ಟಿಲ್ಲ, ನಮ್ಮಮ್ಮನ ಕಾಯಿಲೆ ನನ್ನ ಗುಬ್ಬಿಯನ್ನು ಇನ್ನೂ ಮುಟ್ಟಿಲ್ಲ ಎಂದು ಒಳಗೇ ಹೇಳಿಕೊಂಡೆ. ಹಿಗ್ಗಿಗೆ ಕಣ್ಣು ತುಂಬಿ ಬಂತು. ಅದೇ ಹೊತ್ತಿಗೆ ಅವನು ತಿರುಗಿ ನೋಡಿದ. "ಕಣ್ಣಿಗೆ ಏನೋ ಬಿತ್ತು" ಎಂದು ಸೆರಗಿನಲ್ಲಿ ಒರೆಸಿಕೊಂಡೆ.

ಎರಡನೆಯ ಸಲ ಹೋದಾಗ ಗುಬ್ಬಿಯ ಕೈಯಿಂದ ಒಂದು ಕಡ್ಡಿ ಬಿತ್ತು. ನಾನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಇನ್ನೊಂದು ಬಿತ್ತು. ಅವನ ಕಾಗದ ಎಳೆದು ನೋಡಿದೆ. ಅವನು ಬರೆದ ಸುರುಳಿಯ ಗೆರೆ ಅಲ್ಲಲ್ಲಿ ಸೊಟ್ಟಗಾಗಿತ್ತು.

"ಏನಾಯ್ತೋ?"

"ನಿದ್ದೆ ಸರಿ ಇಲ್ಲ ಅಕ್ಕ" ಎಂದ.

ಪರೀಕ್ಷೆ ಮುಗಿದ ಮೇಲೆ ಕೆಳಗಿನ ಕ್ಯಾಂಟೀನಿನಲ್ಲಿ ಟೀ ಕುಡಿಯುವುದು ನಮ್ಮ ರೂಢಿ. ನಾನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ, ಬೇರೆ ದಾರಿಯಿಲ್ಲ. ಆವತ್ತು ನೋಡಿದರೆ ಗುಬ್ಬಿಯೂ ಎರಡು ಕೈಯಲ್ಲಿ ಹಿಡಿದಿದ್ದ. ಅಮ್ಮನೂ ಮೊದಮೊದಲು ಹಾಗೇ ಹಿಡಿಯುತ್ತಿದ್ದಳು, ಕೇಳಿದರೆ ಚಳಿ ಎನ್ನುತ್ತಿದ್ದಳು. ನಾನು ಕೇಳಲಿಲ್ಲ. ಕೇಳಿ, ಅವನೂ ಚಳಿ ಎಂದುಬಿಟ್ಟರೆ ಏನು ಮಾಡಲಿ?

ಮೂರನೆಯ ಸಲ ನನ್ನಷ್ಟೇ ಕಡ್ಡಿ ಬೀಳಿಸಿದ. ಡಾಕ್ಟ್ರಮ್ಮ ಒಮ್ಮೆ ಹಲಗೆ ನೋಡಿದಳು, ಒಮ್ಮೆ ಪಟ್ಟಿಯ ಲೆಕ್ಕ ತೋರಿಸುವ ಕಂಪ್ಯೂಟರ್ ನೋಡಿದಳು, ಹುಬ್ಬು ಗಂಟಿಕ್ಕಿದಳು. ಪಟ್ಟಿ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಆಮೇಲೆ, "ನೀವು ಸ್ವಲ್ಪ ಒಳಗೆ ಬನ್ನಿ" ಎಂದು ಗುಬ್ಬಿಯೊಬ್ಬನನ್ನೇ ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ನಾನು ಹೊರಗಿನ ಬೆಂಚಿನ ಮೇಲೆ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಅವನು ಹೊರಗೆ ಬಂದಾಗ ಕಿವಿ ಎರಡೂ ಕೆಂಪಗೆ ಉರಿಯುತ್ತಿದ್ದವು.

"ಏನಂದ್ರು?"

"ಏನಿಲ್ಲ. ಇನ್ನೊಬ್ಬ ಡಾಕ್ಟ್ರಿಗೆ ಒಂದ್ಸಲ ಕೈ ತೋರಿಸ್ಬೇಕಂತೆ. ಸುಮ್ನೆ. ಗಾಬರಿ ಏನಿಲ್ಲ."

"ನಿಜ ಹೇಳು."

"ನಿಜ ಅಕ್ಕ, ಏನೂ ಇಲ್ಲ."

ಆ ಕಿವಿ ನೋಡಿದ ಮೇಲೆ ನಾನು ಯಾವ ಮಾತನ್ನು ನಂಬಲಿ? ಮನೆಗೆ ಬಂದು ಒಲೆಯ ಮೇಲೆ ಪಾತ್ರೆ ಇಟ್ಟು ಹೊತ್ತಿಸುವುದನ್ನೇ ಮರೆತೆ. ನನಗೆ ಬಂದಾಗ ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ಅವತ್ತು ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಎತ್ತಿ ಆಡಿಸಿದ ಹುಡುಗ. ರಸ್ತೆಯಲ್ಲಿ ಹೊರಳಾಡಿದರೆ ಸೊಂಟದ ಮೇಲೆ ಹೊತ್ತು ತಂದ ಹುಡುಗ. ನನಗೆ ಸಾಲದೇ, ಅವನಿಗೂ ಯಾಕೆ ಬೇಕಿತ್ತು? ಯಾರ ಮೇಲೆ ಸಿಟ್ಟು ಮಾಡಬೇಕೋ ಗೊತ್ತಾಗದೆ ಆ ಖಾಲಿ ಪಾತ್ರೆಯನ್ನೇ ಎತ್ತಿ ಕುಕ್ಕಿದೆ.

ಅತ್ತು ಮುಗಿದ ಮೇಲೆ ಕತ್ತಿಯ ನೆನಪಾಯಿತು. ನಾಳೆಯೂ ಅವನು ಯಾರದೋ ಗಂಟಲ ಮೇಲೆ ಕತ್ತಿ ಇಡುತ್ತಾನೆ. ಒಂದು ಸಲ ಕೈ ಅದುರಿದರೆ ಆ ಮನುಷ್ಯನ ಗತಿ ಏನು, ಇವನ ಗತಿ ಏನು? ಕೂದಲು ಮಾತ್ರ ಕತ್ತರಿಸು, ಕತ್ತಿ ಮುಟ್ಟಬೇಡ ಎಂದು ಅವನ ಎದುರೇ ನಿಂತು ಹೇಳಬೇಕು. ಬೇರೆ ಯಾರು ಹೇಳಿದರೂ ಅವನು ಕೇಳುವುದಿಲ್ಲ. ಬೆಳಿಗ್ಗೆ ಎದ್ದು ಬಸ್ಸು ಹತ್ತಿದೆ.

ಅವನ ಅಂಗಡಿಗೆ ಗಾಜಿನ ಬಾಗಿಲು. ಒಳಗೆ ಒಂದೇ ದೊಡ್ಡ ಕುರ್ಚಿ, ಗೋಡೆಯಗಲದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ನಾನು ಹೋದಾಗ ಕುರ್ಚಿಯಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒರಗಿದ್ದ, ಗುಬ್ಬಿಯ ಹಳೆಯ ಗಿರಾಕಿ. ಮುಖದ ತುಂಬ ನೊರೆ. ಆ ಮನುಷ್ಯನ ಗಂಟಲ ಪಕ್ಕದಲ್ಲಿ ಕಡಲೆಕಾಳಿನಷ್ಟು ದೊಡ್ಡ ಮಚ್ಚೆಯಿದೆ. ಗುಬ್ಬಿಯ ಕತ್ತಿ ಆಗಲೇ ಅದರ ಹತ್ತಿರ ಇಳಿಯುತ್ತಿತ್ತು. ಕೂಗಿದರೆ ಬೆಚ್ಚಿ ಕತ್ತಿ ಜಾರಿದರೆ ಎಂದು ಹೆದರಿ ನಾನು ಬಾಗಿಲ ಹೊರಗೇ ನಿಂತೆ.

ಕತ್ತಿ ಮಚ್ಚೆಯ ಬುಡಕ್ಕೆ ಬಂತು. ಅದನ್ನು ಬಳಸಿಕೊಂಡು ಒಂದು ಸುತ್ತು ಹೋಯಿತು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಅಳುಕಲಿಲ್ಲ. ಗುಬ್ಬಿ ಮಾತಾಡುತ್ತಲೇ ಇದ್ದ, ಪೋಸ್ಟ್‌ಮ್ಯಾನ್ ಹೊಟ್ಟೆ ಕುಣಿಸಿ ನಗುತ್ತಿದ್ದ. ಎರಡು ಬೆರಳಲ್ಲಿ ಅವನ ಮೂಗಿನ ತುದಿ ಹಿಡಿದೆತ್ತಿ ಮೇಲ್ದುಟಿಯ ಮೇಲೆ ಸರಕ್ಕನೆ ಕತ್ತಿ ಎಳೆದ. ಆಮೇಲೆ ಕತ್ತಿ ಕೆಳಗಿಟ್ಟು, ಕನ್ನಡಿಯ ಮುಂದಿದ್ದ ಟೀ ಲೋಟ ಎತ್ತಿಕೊಂಡ. ಲೋಟದ ಅಂಚಿನವರೆಗೂ ಟೀ. ಎತ್ತಿದ್ದು ಒಂದೇ ಕೈಯಲ್ಲಿ, ಅದೂ ಎಡಗೈಯಲ್ಲಿ. ಒಂದು ತೊಟ್ಟು ಚೆಲ್ಲಲಿಲ್ಲ.

ಬಾಗಿಲ ಚೌಕಟ್ಟು ಹಿಡಿದು ನಿಂತೆ. ದೇವರೇ, ಇವನಿಗೆ ಏನೂ ಆಗಿಲ್ಲ! ಎದೆಯ ಮೇಲಿದ್ದ ಬಂಡೆ ಇಳಿದ ಹಾಗಾಯಿತು. ಇಳಿದ ಮರುಕ್ಷಣವೇ ಪಿತ್ತ ನೆತ್ತಿಗೇರಿತು. ಬಾಗಿಲು ತಳ್ಳಿದ ರಭಸಕ್ಕೆ ಮೇಲಿನ ಗಂಟೆ ಕಿತ್ತು ಬರುವಂತೆ ಬಡಿದುಕೊಂಡಿತು.

"ಲೋ ಗುಬ್ಬಿ!"

ಪೋಸ್ಟ್‌ಮ್ಯಾನ್ ಕುರ್ಚಿಯಲ್ಲೇ ಎದ್ದು ಕೂತ. ಗುಬ್ಬಿ ನನ್ನತ್ತ ತಿರುಗಿ, ಇದ್ದಕ್ಕಿದ್ದಂತೆ ಜ್ಞಾನೋದಯವಾದವನ ಹಾಗೆ ಇನ್ನೊಂದು ಕೈಯನ್ನೂ ಲೋಟಕ್ಕೆ ಹಚ್ಚಿದ. ನನಗೆ ಇನ್ನಷ್ಟು ಉರಿಯಿತು.

"ಈಗ ಹಚ್ಬೇಡ, ನಾನು ಎಲ್ಲಾ ನೋಡಿಯಾಯ್ತು. ಚಾಚು ಕೈ!"

ಲೋಟ ಕೆಳಗಿಟ್ಟು ಚಾಚಿದ. ಕನ್ನಡಿಯ ಮುಂದಿನ ಬಾಚಣಿಗೆ ತೆಗೆದು ಅವನ ಬೆರಳುಗಳ ಮೇಲೆ ಅಡ್ಡ ಇಟ್ಟೆ. ಇಡುವಾಗ ನನ್ನ ಕೈ ಕುಣಿಯಿತು, ಇಟ್ಟ ಮೇಲೆ ಬಾಚಣಿಗೆ ಕದಲಲಿಲ್ಲ. ನಾವು ಮೂವರೂ ಅದನ್ನೇ ನೋಡಿದೆವು.

"ಅಲ್ಲಿ ಹೋಗಿ ಕಡ್ಡಿ ಬೀಳಿಸೋದು, ಇಲ್ಲಿ ಬಂದು ಗಂಟಲು ಕೆರೆಯೋದು! ನಾನು ನಿನ್ನೆಯಿಂದ ನೀರೂ ಕುಡಿದಿಲ್ಲ ಕಣೋ. ನನ್ನ ತಮ್ಮನ ಕೈ ಹೋಯ್ತು ಅಂತ ಎದೆ ಒಡ್ಕೊಂಡು ಕೂತಿದೀನಿ. ಯಾಕೋ ಈ ನಾಟಕ?"

ಗುಬ್ಬಿ ಬಾಚಣಿಗೆಯನ್ನು ಮೆಲ್ಲಗೆ ತೆಗೆದಿಟ್ಟ. ಕಿವಿ ಕೆಂಪಗಾಗಿತ್ತು.

"ಮೊದಲ್ನೇ ಸಲ ಹೋದಾಗ ನೀನು ಅಳ್ತಿದ್ದೆ ಅಕ್ಕ."

"ನಾನೆಲ್ಲಿ ಅಳ್ತಿದ್ದೆ?"

"ನಾನು ನೋಡಿದೆ. ನಾನಿಲ್ಲಿ ಟಕಟಕ ಅಂತ ಕಡ್ಡಿ ಇಡ್ತಿದೀನಿ, ತಿರುಗಿದ್ರೆ ನಿನ್ನ ಕಣ್ಣಲ್ಲಿ ನೀರು. ಕಾಜ ಹೊಲೀತಿದ್ದ ಕೈ ಅಕ್ಕ ನಿಂದು. ಆ ಕೈಯಲ್ಲಿ ಒಂದು ಕಡ್ಡಿ ನಿಲ್ತಿಲ್ಲ, ಪಕ್ಕದಲ್ಲೇ ಕೂತು ನಾನು ಹೆಚ್ಚುಗಾರಿಕೆ ತೋರಿಸ್ಬೇಕಾ? ನನ್ನಿಂದಾಗ್ಲಿಲ್ಲ. ನೀನು ಎರಡು ಕೈಯಲ್ಲಿ ಟೀ ಕುಡಿಯೋವಾಗ ನಾನೊಬ್ಬ ಒಂದು ಕೈಯಲ್ಲಿ ಕುಡಿದ್ರೆ ಚೆನ್ನಾಗಿರುತ್ತಾ?"

ಬೆಂಚಿನ ಮೇಲೆ ಕೂತುಬಿಟ್ಟೆ.

"ಮಂಕೇ, ಅದು ಖುಷಿಗೆ ಬಂದ ನೀರು ಕಣೋ" ಎಂದೆ. "ನಿನ್ನ ಕೈ ನೋಡಿ ನನಗೆ ಆದ ಸಂತೋಷಕ್ಕೆ ಬಂದದ್ದು. ನಾನು ಅಲ್ಲಿಗೆ ಹೋಗೋದು ನನಗೋಸ್ಕರ ಅಂದ್ಕೊಂಡ್ಯಾ? ನನಗೆ ಗುಣ ಆಗಲ್ಲ ಅಂತ ಅವಳು ಮೊದಲ ದಿನಾನೇ ಹೇಳಿದಾಳೆ. ಅಜ್ಜಿ, ಅಮ್ಮ, ನಾನು. ಮುಂದೆ ಯಾರು? ನಿನಗೆ ಬರಬಾರ್ದು, ಬಂದ್ರೂ ಬೇಗ ಗೊತ್ತಾಗ್ಲಿ, ನಿನ್ನ ಮಗಳ ಕಾಲಕ್ಕೆ ಏನಾದ್ರೂ ಒಂದು ದಾರಿ ಆಗ್ಲಿ ಅಂತ ಹೋಗ್ತಿದೀನಿ. ನೀನು ಅಲ್ಲಿ ಕೂತು ಕಡ್ಡಿ ಬೀಳಿಸಿ ಎಲ್ಲಾನೂ ಹಾಳು ಮಾಡಿದ್ಯಲ್ಲೋ!"

ಗುಬ್ಬಿ ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ. ಬಂದು ನನ್ನ ಪಕ್ಕ ಕೂತ. ನಡುಗುತ್ತಿದ್ದ ನನ್ನ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡ. ಸೋಪಿನ ವಾಸನೆ ಬರುತ್ತಿತ್ತು.

"ನನಗೆ ಹೇಳ್ಬೇಕಿತ್ತು ಅಕ್ಕ."

"ನೀನು ಹೆದರ್ತೀಯ ಅಂತ ಹೇಳ್ಲಿಲ್ಲ."

"ನೀನು ಬೇಜಾರು ಮಾಡ್ಕೋತೀಯ ಅಂತ ನಾನೂ ಹೇಳ್ಲಿಲ್ಲ." ಆಮೇಲೆ ನಕ್ಕ. "ನೀನೇ ಕಲಿಸಿದ್ದು ತಾನೆ ಇದೆಲ್ಲ? ಶಾಲೆಯಿಂದ ಓಡಿ ಬರೋವಾಗ ನಿನ್ನ ಚಪ್ಪಲಿ ನಲ್ಲಿ ಹತ್ರಾನೇ ಯಾಕೆ ಜಾರ್ತಿತ್ತು? ಗೇಟ್ ಹತ್ರ ಒಂದು ದಿನಾನೂ ಜಾರ್ಲಿಲ್ಲವಲ್ಲ."

"ನಿಂಗೆ ಗೊತ್ತಿತ್ತಾ?"

"ಬಕ್ಕಲ್ ಇರೋ ಚಪ್ಪಲಿ ಅಕ್ಕ ಅದು. ಅದೆಲ್ಲಿ ಜಾರುತ್ತೆ?"

ಇಷ್ಟು ವರ್ಷ! ಇಷ್ಟು ವರ್ಷ ಈ ಮಂಕು ನನ್ನನ್ನೇ ಮಂಕು ಮಾಡಿಟ್ಟಿದ್ದ. ನನಗೆ ನಗು ಬಂತು, ಅಳುವೂ ಬಂತು, ಯಾವುದು ಮೊದಲು ಬಂತೋ ತಿಳಿಯದು. ಕುರ್ಚಿಯಿಂದ ಪೋಸ್ಟ್‌ಮ್ಯಾನ್ ಮೆಲ್ಲಗೆ ಕೆಮ್ಮಿದ.

"ಅಲ್ಲಪ್ಪಾ, ನನ್ನ ಈ ಕಡೆ ಕೆನ್ನೆ ಹಾಗೇ ಇದೆ. ನೊರೆ ಒಣಗ್ತಾ ಇದೆ."

ಗುಬ್ಬಿ ಕಣ್ಣೊರೆಸಿಕೊಂಡು ಎದ್ದ. ಕತ್ತಿ ತೆಗೆದುಕೊಳ್ಳುತ್ತ, "ಆ ಡಾಕ್ಟ್ರಮ್ಮನಿಗೆ ನಾನು ಮುಖ ತೋರಿಸೋದು ಹೇಗೆ? ಬಿಟ್ಬಿಡೋಣ ಅಕ್ಕ. ಯಾವಾಗ ಬೇಕಾದ್ರೂ ಬಿಡಬಹುದು, ಯಾಕೆ ಅಂತ ಕೇಳಲ್ಲ ಅಂದಿದ್ರಲ್ಲ" ಎಂದ.

"ಅವಳು ಕೇಳಲ್ಲ. ನಾನು ಕೇಳ್ತೀನಿ" ಎಂದೆ. "ಆ ಕೆನ್ನೆ ಮುಗಿಸಿ ಬಾಗಿಲು ಹಾಕು. ಈಗ್ಲೇ ಹೋಗೋಣ."

ಹಳದಿ ಕಟ್ಟಡದಲ್ಲಿ ಡಾಕ್ಟ್ರಮ್ಮ ಪಟ್ಟಿಗಳನ್ನು ಬಿಚ್ಚಿ ಹರಡಿಕೊಂಡು ಕೂತಿದ್ದಳು. ಗುಬ್ಬಿ ನೆಲ ನೋಡುತ್ತ ಎಲ್ಲವನ್ನೂ ಒಪ್ಪಿಸಿದ. ಅವಳು ಪೂರ್ತಿ ಕೇಳಿಸಿಕೊಂಡಳು. ನಗಲಿಲ್ಲ.

"ಇದು ಸಣ್ಣ ವಿಷಯ ಅಲ್ಲ" ಎಂದಳು. "ನಿಮ್ಮಿಬ್ಬರದೇ ಅಲ್ಲ, ಎಷ್ಟೋ ಮನೆಯೋರು ಬಂದು ಕೂತು ಕಷ್ಟಪಟ್ಟು ಮಾಡಿರೋದರ ಜೊತೆ ನಿಮ್ಮದೂ ಸೇರುತ್ತೆ. ಒಬ್ರು ಸುಳ್ಳು ಮಾಡಿದ್ರೆ ಅವರೆಲ್ಲರ ಶ್ರಮಕ್ಕೂ ಮೋಸ ಆಗುತ್ತೆ."

ಗುಬ್ಬಿಯ ಮುಖ ಇಷ್ಟೇ ಇಷ್ಟಾಯಿತು. ನನಗೂ ನಾಚಿಕೆಯಾಯಿತು. ನಾನು ನನ್ನ ತಮ್ಮ, ಅವನ ಮಗಳು ಎಂದಷ್ಟೇ ಯೋಚಿಸಿದ್ದೆ. ಆ ಎರಡು ಕುರ್ಚಿಗಳ ಮೇಲೆ ಇನ್ನೆಷ್ಟು ಅಕ್ಕಂದಿರು, ಇನ್ನೆಷ್ಟು ತಮ್ಮಂದಿರು ಕೂತು ಹೋಗಿದ್ದಾರೋ.

"ತಪ್ಪಾಯ್ತು ಡಾಕ್ಟ್ರಮ್ಮ" ಎಂದ ಗುಬ್ಬಿ. "ನನ್ನನ್ನ ಬೇಕಾದ್ರೆ ಕಳಿಸಿಬಿಡಿ. ಅಕ್ಕನ್ನ ತೆಗೀಬೇಡಿ."

"ನೀವಿಲ್ದೇ ಅವರೊಬ್ಬರಿಂದ ಆಗಲ್ವಲ್ಲ, ಜೋಡಿ ಬೇಕು." ಅವಳು ಒಂದು ಪಟ್ಟಿಯನ್ನು ಕೈಗೆತ್ತಿಕೊಂಡು ನೋಡಿದಳು. ಆಗ ಅವಳ ತುಟಿ ಸ್ವಲ್ಪ ಅಲುಗಿತು. "ಕೈ ಒಂಚೂರೂ ನಡುಗಿಲ್ಲ ಅಂತ ಇದು ಹೇಳುತ್ತೆ, ಕಡ್ಡಿ ನೋಡಿದ್ರೆ ಪೂರ್ತಿ ನೆಲದ ಮೇಲೆ. ನಿಮ್ಮ ಕೈಗೆ ಏನೋ ಆಗ್ತಿದೆ ಅಂತ ಒಂದು ಕಡೆ ಭಯ, ಪಟ್ಟಿ ಕೆಟ್ಟಿದೆ ಅಂತ ಇನ್ನೊಂದು ಕಡೆ ಅನುಮಾನ. ಹೋದ ತಿಂಗಳಿಂದ ಇದನ್ನ ಎರಡು ಸಲ ರಿಪೇರಿಗೆ ಕಳಿಸಿದೀನಿ ಗೊತ್ತಾ? ಅವರು ಸರಿ ಇದೆ ಸರಿ ಇದೆ ಅಂತ ವಾಪಸ್ ಕಳಿಸ್ತಾರೆ, ನಾನು ಅವರ ಜೊತೆ ಜಗಳ!"

ಕನ್ನಡಕದ ಅಂಗಡಿಯವನ ನೆನಪಾಗಿ ನನಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಅವಳೂ ನಕ್ಕಳು. ಆದರೆ ಮಾತು ಕೊಡಲಿಲ್ಲ. ತನ್ನ ಮೇಲಿನವರನ್ನು ಕೇಳಬೇಕು, ಸುಳ್ಳು ಪರೀಕ್ಷೆಗಳನ್ನು ಪಕ್ಕಕ್ಕೆ ತೆಗೆದಿಡಬೇಕು, ನಮ್ಮನ್ನು ಉಳಿಸಿಕೊಳ್ಳುತ್ತಾರೋ ಬಿಡುತ್ತಾರೋ ತನಗೂ ಗೊತ್ತಿಲ್ಲ ಎಂದಳು.

ಅವಳಿಂದ ಫೋನು ಬರುವವರೆಗೆ ನಾನು ಮನುಷ್ಯಳಾಗಿರಲಿಲ್ಲ. ಫೋನು ರಿಂಗಾದಾಗಲೆಲ್ಲ ಹಾರಿ ಬೀಳುತ್ತಿದ್ದೆ. ಗುಬ್ಬಿಯಂತೂ ದಿನಕ್ಕೆ ನಾಲ್ಕು ಸಲ ಕರೆ ಮಾಡಿ "ಏನಾದ್ರೂ ಹೇಳಿದ್ರಾ?" ಎಂದು ಕೇಳುತ್ತಿದ್ದ. "ನಿನ್ನ ಫೋನು ಇಡು, ಅವರದು ಬರಲಿ" ಎಂದು ಬೈದು ಇಡುತ್ತಿದ್ದೆ. ಒಂದು ಮಧ್ಯಾಹ್ನ ಅಂತೂ ಬಂತು. ಹೊಸದಾಗಿ ಶುರು ಮಾಡೋಣ, ಇಬ್ಬರೂ ಬನ್ನಿ ಎಂದಳು.

ಹೋಗಿ ನೋಡಿದರೆ ಕೋಣೆ ಬದಲಾಗಿತ್ತು. ಎರಡು ಕುರ್ಚಿಗಳ ನಡುವೆ ಹಸಿರು ಪರದೆ ಇಳಿಬಿಟ್ಟಿದ್ದರು. ಮೇಜನ್ನೂ ಅದೇ ಎರಡು ಭಾಗ ಮಾಡಿತ್ತು.

"ಇನ್ಮೇಲೆ ಎಲ್ಲಾ ಜೋಡಿಗಳಿಗೂ ಹೀಗೇ" ಎಂದಳು ಡಾಕ್ಟ್ರಮ್ಮ. "ನಿಮ್ಮ ತಮ್ಮನ ಕೊಡುಗೆ. ಇಬ್ಬರೂ ಒಟ್ಟಿಗೇ ಶುರು ಮಾಡಿ. ಯಾರೂ ಯಾರನ್ನೂ ನೋಡೋ ಹಾಗಿಲ್ಲ, ಮಾತಾಡೋ ಹಾಗಿಲ್ಲ."

ಗುಬ್ಬಿ ಆ ಕಡೆ ಹೋಗುವ ಮೊದಲು ನಾನು ಅವನ ತೋಳು ಹಿಡಿದೆ. "ನಿನ್ನ ಮಗಳನ್ನ ನೆನೆಸ್ಕೊಂಡು ಮಾಡು. ನನ್ನನ್ನಲ್ಲ" ಎಂದೆ. ಅವನು ಪರದೆಯ ಹಿಂದೆ ಹೋದ. ಕುರ್ಚಿ ಎಳೆದ ಸದ್ದಾಯಿತು.

"ಶುರು" ಎಂದಳು ಡಾಕ್ಟ್ರಮ್ಮ.

ನಾನು ಮೊದಲ ಕಡ್ಡಿ ಎತ್ತಿದೆ. ಬಿತ್ತು. ಮತ್ತೆ ಎತ್ತಿದೆ. ಪರದೆಯ ಆಚೆಯಿಂದ ಸದ್ದು ಶುರುವಾಯಿತು. ಟಕ್, ಟಕ್, ಟಕ್. ನಾನು ಕೈ ನಿಲ್ಲಿಸಿ ಕಿವಿಗೊಟ್ಟೆ. ಒಂದೇ ಸಮನೆ, ಬಿಡುವಿಲ್ಲದೆ, ನನ್ನ ಹಳೆಯ ಹೊಲಿಗೆ ಮಿಷನ್ ಓಡುತ್ತಿದ್ದ ಹಾಗೆ ಆ ಸದ್ದು ಓಡುತ್ತಿತ್ತು. ನೆಲಕ್ಕೆ ಒಂದು ಕಡ್ಡಿಯೂ ಬೀಳಲಿಲ್ಲ. ನಾಳೆ ಏನೋ ಯಾರಿಗೂ ಗೊತ್ತಿಲ್ಲ, ಡಾಕ್ಟ್ರಮ್ಮನಿಗೂ ಗೊತ್ತಿಲ್ಲ. ಇವತ್ತು ಮಾತ್ರ ನನ್ನ ಗುಬ್ಬಿಯ ಕೈ ಗಟ್ಟಿಯಾಗಿತ್ತು.

ನನ್ನ ಕಡ್ಡಿಯೊಂದು ಕೈತಪ್ಪಿ ಕೆಳಗೆ ಉರುಳಿತು. ಎತ್ತಿಕೊಳ್ಳಲು ಬಗ್ಗಿದೆ. ಪರದೆ ನೆಲಕ್ಕೆ ತಾಗುತ್ತಿರಲಿಲ್ಲ, ಕೆಳಗಿನಿಂದ ಆ ಬದಿ ಕಾಣುತ್ತಿತ್ತು. ಗುಬ್ಬಿ ತನ್ನ ಚಪ್ಪಲಿ ಎರಡನ್ನೂ ಬಿಚ್ಚಿ, ಜೋಡಿಸಿ, ದೂರ ಗೋಡೆಯ ಹತ್ತಿರ ಇಟ್ಟು ಬಂದಿದ್ದ. ಬರಿಗಾಲು ನೆಲದ ಮೇಲೆ ಊರಿ ಕೂತಿದ್ದ.

ನಾನು ಕಡ್ಡಿ ಎತ್ತಿಕೊಂಡು ಮೇಲೆದ್ದೆ. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ. ಈ ಸಲ ಅವನಿಗೆ ಕಾಣುತ್ತಿರಲಿಲ್ಲ. ಆಚೆ ಟಕ್ ಟಕ್ ನಡೆದೇ ಇತ್ತು, ನಾನು ನನ್ನ ಪಾಡಿಗೆ ಇನ್ನೊಂದು ಕಡ್ಡಿ ಎತ್ತಿಕೊಂಡೆ.